ಹತ್ತಿಗೂಡೂರ ಕ್ರಾಸಿನಿಂದ ಮರಿಲಿಂಗಪ್ಪ

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಐವತ್ತು ದಾಟಿದ ಯಾರನ್ನೇ ತಡೆದು ಕೇಳಿ, ವೈರ್‌ಲೆಸ್ ಮರಿಲಿಂಗಪ್ಪನ ಧ್ವನಿಯ ಬಗ್ಗೆ ಒಂದು ಮಾತಾದರೂ ಹೇಳದೆ ಮುಂದೆ ಹೋಗುವುದಿಲ್ಲ. ಗಂಟೆ ಹೊಡೆದ ಹಾಗಿತ್ತು ಅನ್ನುವವರಿದ್ದಾರೆ. ಎಲ್ಲಿಯ ಗಂಟೆ, ಮೂಗಿನಲ್ಲಿ ಮಾತಾಡುತ್ತಿದ್ದ ಅನ್ನುವವರೂ ಇದ್ದಾರೆ. ಆ ಧ್ವನಿ ಕೇಳದೆ ಉಳಿದವಳು ಒಬ್ಬಳೇ, ಅವನ ಮಗಳು ಸುಮಂಗಲಾ. ಅವಳು ಹುಟ್ಟುವುದಕ್ಕೆ ಹದಿನೆಂಟು ದಿನ ಮೊದಲು, ಕಾಲುವೆಯಲ್ಲಿ ನೀರಿನ ಮಟ್ಟ ನೋಡಲು ಇಳಿದಾಗ ಹಾವು ಕಚ್ಚಿ ಹೋದ ಮನುಷ್ಯ ಅವನು. ಮನೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕ ಅವನದೊಂದು ಫೋಟೊ ಇದೆ. ಅದರಲ್ಲಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದಾನೆ.

ಸುಮಂಗಲಾಗೆ ಈಗ ಮೂವತ್ತೇಳು. ಶಹಾಪುರದ ಸಣ್ಣದೊಂದು ಸಮುದಾಯ ರೇಡಿಯೊದಲ್ಲಿ ಹತ್ತು ವರ್ಷದಿಂದ ಕೆಲಸ. ಹೊಲದ ಮಾತು, ಸಾಲಿ ಮಕ್ಕಳ ಪದ್ಯ, ಅಜ್ಜಂದಿರ ಹಳೆ ಕಥೆ ಎಲ್ಲವನ್ನೂ ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸಿ ಗಾಳಿಗೆ ಬಿಡುವುದು ಅವಳ ಕಸುಬು. ಊರಿನ ಮಂದಿಯ ಅಪ್ಪಂದಿರ ಧ್ವನಿಯೆಲ್ಲ ಅವಳ ಕಂಪ್ಯೂಟರಿನಲ್ಲಿದೆ. ಈ ಮಾತನ್ನು ಅವಳು ಯಾರೆದುರೂ ಆಡಿದವಳಲ್ಲ, ಆದರೆ ಒಮ್ಮೊಮ್ಮೆ ಹೆಡ್‌ಫೋನ್ ತೆಗೆದಿಟ್ಟು ಸುಮ್ಮನೆ ಕೂತುಬಿಡುತ್ತಿದ್ದಳು.

ಹೋದ ಮಾಘದಲ್ಲಿ ಒಂದು ದಿನ ಸ್ಟೇಷನ್ನಿನ ಹಿರಿಯ ಬಸವಲಿಂಗ ಅವಳನ್ನು ಕರೆದ.

"ಬರೂ ಐತವಾರ ಗೋಗ್ಯಾಗ ಟ್ರ್ಯಾಕ್ಟರ್ ರಿವರ್ಸ್ ರೇಸ್ ಐತಿ, ಗೊತ್ತದಲ್ಲ? ಟ್ರಾಲಿ ಹಚ್ಚಿಕೊಂಡು ಹಿಂದಕ್ಕ ಓಡಸೂದು. ಅದನ್ನ ನಾವು ಲೈವ್ ಹಾಕಾಕತ್ತೀವಿ. ಅದಕ್ಕಿಂತ ಮೊದಲ ಅರ್ಧ ತಾಸು ಒಂದು ಪ್ರೋಗ್ರಾಮ್ ಬೇಕು. ಗಾಡಿ ರೇಸನ್ನ ರೇಡಿಯೋದಾಗ ಲೈವ್ ಹೇಳೂದು ಹೆಂಗ ಶುರು ಆತು, ಎಲ್ಲೆಲ್ಲಿ ಆತು, ಅದರ ಇತಿಹಾಸ. ನೀ ಮಾಡ್ತಿ."

"ನಾನ ಯಾಕ್ರಿ ಸರ್?"

"ನಮ್ಮ ಕಡಿ ಅದರ ಇತಿಹಾಸ ಅಂದ್ರ ನಿಮ್ಮಪ್ಪನ ಅಲ್ಲೇನವಾ."

ಇತಿಹಾಸದ ದೂರದ ತುದಿ ಸುಲಭವಾಗಿಯೇ ಸಿಕ್ಕಿತು. ಅಮೆರಿಕದಲ್ಲಿ ನೂರು ವರ್ಷದ ಹಿಂದೆಯೇ ಕಾರಿನ ಓಟವನ್ನು ಆಗುತ್ತಿದ್ದಂತೆಯೇ ರೇಡಿಯೊದಲ್ಲಿ ಹೇಳಿದ್ದರು, ಆಮೇಲೆ ಇಂಗ್ಲೆಂಡಿನವರೂ ಹೇಳಿದರು. ಕ್ರಿಕೆಟ್ಟಿನಂತೆ ಒಂದೆಡೆ ಆರಾಮಾಗಿ ಕೂತು, ಚಹಾ ಕುಡಿಯುತ್ತ ಹೇಳುವ ಬಾಬತ್ತು ಅದಲ್ಲ. ಗಾಡಿ ಕಣ್ಣಿಗೆ ಬಿದ್ದು ಮರೆಯಾಗುವುದು ಮೂರು ಉಸಿರಿನ ಹೊತ್ತು. ಅದಕ್ಕೇ ತಿರುವಿಗೊಬ್ಬನನ್ನು ಮೈಕು ಕೊಟ್ಟು ನಿಲ್ಲಿಸುತ್ತಿದ್ದರಂತೆ. ಅವನು ತನ್ನ ತಿರುವಿನಲ್ಲಿ ಕಂಡದ್ದನ್ನು ಹೇಳಿ, ಮುಂದಿನ ತಿರುವಿನವನಿಗೆ ಮಾತು ದಾಟಿಸಬೇಕು. ಆಗಿನ ಎಷ್ಟೋ ಓಟಗಳ ಮಾತು ಯಾರ ಬಳಿಯೂ ಉಳಿದಿಲ್ಲ. ಹೇಳಿದರು, ಕೇಳಿದರು, ಮುಗಿಯಿತು. ಇಷ್ಟನ್ನು ಬರೆದುಕೊಂಡ ಸುಮಂಗಲಾ ಪೆನ್ನು ಕೆಳಗಿಟ್ಟಳು. ಮುಂದಿನದನ್ನು ಬರೆಯುವುದು ಅವಳಿಗೆ ಸಲೀಸಾಗಿರಲಿಲ್ಲ.

ಮುಂದಿನದು ೧೯೮೮ರ ಜನವರಿ. ಹೈದರಾಬಾದಿನಿಂದ ಗೋವಾಕ್ಕೆ ಹೊರಟ ಹನ್ನೊಂದು ಕಾರುಗಳ ರೇಸು ಯಾದಗಿರಿ, ಶಹಾಪುರ, ಸುರಪುರದ ಮೇಲೆ ಹಾದುಹೋಗುವುದಿತ್ತು. ದೊಡ್ಡ ರೇಡಿಯೊದವರು ಅದನ್ನು ನೇರ ಪ್ರಸಾರ ಮಾಡುತ್ತೇವೆಂದು ಬಂದರು. ಯಾದಗಿರಿಯ ತನಕ ಅವರದೇ ವ್ಯಾನು, ಅವರದೇ ಮನುಷ್ಯ. ಅಲ್ಲಿಂದಾಚೆಗೆ ರಸ್ತೆಯ ಬದಿಗೆ ಫೋನಿನ ಗತಿಯಿಲ್ಲ. ಕೊನೆಗೆ ನೀರಾವರಿಯವರ ವೈರ್‌ಲೆಸ್ಸಿಗೆ ಶರಣಾದರು. ಹತ್ತಿಗೂಡೂರ ಕ್ರಾಸಿನಲ್ಲಿ ಜೀಪು ನಿಲ್ಲಿಸಿಕೊಂಡು ಇಪ್ಪತ್ತೇಳು ವರ್ಷದ ಆಪರೇಟರ್ ಮರಿಲಿಂಗಪ್ಪ ಕಂಡದ್ದನ್ನು ಹೇಳಬೇಕು. ಇತ್ತ ಕ್ಯಾಂಪಿನ ಕಂಟ್ರೋಲ್ ರೂಮಿನಲ್ಲಿ ಸೆಟ್ಟಿನ ಸ್ಪೀಕರಿಗೆ ತಮ್ಮ ಮೈಕು ಕಟ್ಟಿ ಅವರು ಅದನ್ನು ಹಿಡಿದು, ಕ್ಯಾಂಪಿನ ಫೋನ್ ಲೈನಿನಲ್ಲಿ ತಮ್ಮ ಸ್ಟೇಷನ್ನಿಗೆ ಕಳಿಸಿ, ಊರೂರಿಗೆ ಬಿಡಬೇಕು.

ಇಲ್ಲೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾಲುವೆಯ ಉದ್ದಕ್ಕೂ ಗೇಟು ಕಾಯುವವರು ವಾರಗಟ್ಟಲೆ ಮನೆಯ ಮುಖ ಕಾಣದೆ ಅಲ್ಲೇ ಇರುತ್ತಿದ್ದರು. ಅವರಿಗೂ ಮನೆಗೂ ಇದ್ದ ದಾರಿ ವೈರ್‌ಲೆಸ್ ಒಂದೇ. ದಿನಕ್ಕೆ ಮೂರು ಸಲ ಆಪರೇಟರು ನೀರಿನ ಮಟ್ಟ ಹೇಳಿ ಮುಗಿಸಿದ ಮೇಲೆ ಅರ್ಧ ನಿಮಿಷ "ಮನಿ ಮಾತು" ಅಂತ ಇರುತ್ತಿತ್ತು. ಇಂಥವನ ಮನೆಗೆ ಹೇಳಿ, ಈ ವಾರ ಬರುವುದಿಲ್ಲ. ಇಂಥವಳಿಗೆ ಹೇಳಿ, ಔಷಧ ತಪ್ಪಿಸಬಾರದು. ಕ್ಯಾಂಪಿನ ಜವಾನ ಅದನ್ನು ಸೈಕಲ್ಲಿನ ಮೇಲೆ ಮನೆಮನೆಗೆ ಮುಟ್ಟಿಸುತ್ತಿದ್ದ. ಯಾವ ಸರ್ಕಾರಿ ಕಾಗದದಲ್ಲೂ ಇದರ ಸುಳಿವಿಲ್ಲ, ಆದರೆ ಎಂಜಿನಿಯರನ ಹೆಂಡತಿಯೂ ಅದನ್ನು ಕೇಳಲು ಕಿಟಕಿ ತೆರೆದಿಡುತ್ತಿದ್ದಳು.

ಆ ದಿನ ಏಳು ಕಾರು ಹೋದವು. ಎಂಟನೆಯದು ಎಷ್ಟು ಹೊತ್ತಾದರೂ ಬರಲಿಲ್ಲ. ಧೂಳು ಇಳಿಯಿತು, ರಸ್ತೆ ಖಾಲಿಯಾಯಿತು. ಸದ್ಯಕ್ಕೆ ಹೇಳುವುದು ಮುಗಿದಿತ್ತು, ಮಾತು ಮಾತ್ರ ಇನ್ನೂ ಮರಿಲಿಂಗಪ್ಪನ ಕೈಯಲ್ಲೇ ಇತ್ತು. ಕೆಲಸಕ್ಕೆ ಸೇರಿದ ಲಾಗಾಯ್ತು ಬಾಯಿಗೆ ಅಂಟಿದ ಅಭ್ಯಾಸ. ಲೆಕ್ಕದ ಮಾತು ಮುಗಿದ ಮೇಲೆ ಯಾವುದು ಬರಬೇಕೋ ಅದೇ ಬಂತು. ನಾಲ್ಕು ಜಿಲ್ಲೆಯ ರೇಡಿಯೊಗಳಲ್ಲಿ ಅವನು ಮನಿ ಮಾತು ಶುರು ಮಾಡಿದ. ಎಲ್ಲರ ಮನೆಯದೂ ಆದ ಮೇಲೆ ತನ್ನ ಮನೆಗೂ ಒಂದು ಮಾತು ಹೇಳಿದ. ಆಮೇಲೆ ಮೇಲಿನವರಿಂದ ಬೈಸಿಕೊಂಡನಂತೆ, ಅದು ಹೋಗಲಿ.

ತನ್ನ ಮನೆ ಅಂದರೆ ಹೆಂಡತಿ ದೇವಕಮ್ಮ. ಚೊಚ್ಚಲ ಬಸುರಿ, ಕೊಡೇಕಲ್ಲಿನ ತವರಿನಲ್ಲಿದ್ದಳು. "ನಮ್ಮವ್ವನ ಮನ್ಯಾಗ ರೇಡಿಯೋ ಎಲ್ಲಿದ್ದು? ನಾ ಕೇಳಲಿಲ್ಲ" ಎಂದು ಅವಳು ಮಗಳಿಗೆ ಹೇಳುತ್ತ ಬಂದದ್ದು ಇಷ್ಟೇ. ಕೇಳಿದವರ ಬಾಯಲ್ಲೋ, ಒಬ್ಬೊಬ್ಬರದು ಒಂದೊಂದು. "ಗಂಡು ಮಗನ್ನ ಹಡಿ ಅಂತ ಹೇಳಿದ್ದ, ನಾ ಕಿವಿಯಾರೆ ಕೇಳೀನಿ" ಎಂದು ಲೈನ್‌ಮನ್ ಶಿವರಾಜ ಸುಮಂಗಲಾಗೆ ಹನ್ನೆರಡು ವರ್ಷವಿದ್ದಾಗ ಹೇಳಿದ್ದ. ದವಾಖಾನೆಯ ಸುಗಲಮ್ಮ ಅದನ್ನು ಕೇಳಿ ಸಿಟ್ಟಿಗೆದ್ದು, "ಸುಳ್ಳು ಬೊಗಳ್ತಾನ, ಹೆಣ್ಣ ಬೇಕು ಅಂದಿದ್ದ" ಎಂದಿದ್ದಳು. ಸುಗಲಮ್ಮನದು ಮರುಕದ ಮಾತೋ ನಿಜವೋ ಎಂದು ಆ ವಯಸ್ಸಿನಲ್ಲೇ ಸುಮಂಗಲಾಗೆ ಅನುಮಾನ ಬಂದಿತ್ತು. ಅಪ್ಪ ತನ್ನ ಬಗ್ಗೆ ಲೋಕಕ್ಕೆಲ್ಲ ಕೇಳಿಸುವಂತೆ ಆಡಿದ್ದು ಒಂದೇ ಮಾತು, ಅದು ಏನೆಂದು ತನಗೊಬ್ಬಳಿಗೇ ಗೊತ್ತಿಲ್ಲ. ಈ ಕೊರಗು ಅವಳ ಜೊತೆಗೇ ಬೆಳೆಯಿತು.

ದೊಡ್ಡ ರೇಡಿಯೊಗೆ ಪತ್ರ ಬರೆದಳು. ನೇರ ಪ್ರಸಾರವಾದ್ದರಿಂದ ಧ್ವನಿಮುದ್ರಣ ಲಭ್ಯವಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಆಗ ಅವಳು ಆವತ್ತು ಯಾರ್‍ಯಾರ ಮನೆಗೆ ಮಾತು ಹೋಗಿತ್ತೋ ಅವರನ್ನು ಹುಡುಕಲು ಹೊರಟಳು. ಮೊದಲು ಸಿಕ್ಕವಳು ಗೋಗಿಯ ಭೀಮವ್ವ. ಅವಳ ಗಂಡ ಮಲ್ಕಪ್ಪ ಆಗ ನಾಲ್ಕನೇ ಗೇಟಿನ ಕಾವಲುಗಾರ, ಮನೆಯಲ್ಲಿ ಕುರಿ ಮೇಕೆ. ಅಂಗಳದಲ್ಲಿ ಅವಳ ಮಗ ಮೌನೇಶ ಐತವಾರದ ರೇಸಿಗೆಂದು ಟ್ರಾಲಿ ಹಚ್ಚಿದ ಟ್ರ್ಯಾಕ್ಟರನ್ನು ಹಿಂದಕ್ಕೆ ತಿರುಗಿಸುತ್ತ ಬೆವರುತ್ತಿದ್ದ.

"ನಿಮ್ಮಪ್ಪ ಹೇಳಿದ್ದು ನನಗ ಒಂದಕ್ಷರ ಬಿಡದಂಗ ನೆನಪೈತಿ ನೋಡವಾ," ಎಂದಳು ಭೀಮವ್ವ. ಸುಮಂಗಲಾ ರೆಕಾರ್ಡರ್ ಹತ್ತಿರ ಸರಿಸಿದಳು.

"'ಮಲ್ಕಪ್ಪನ ಮನಿಗಿ ತಿಳಸ್ರಿ. ಕರಿ ಮೇಕಿ ಈದಿದ್ರ ಮರಿ ಒಳಗ ಕಟ್ರಿ, ತೋಳ ಅಡ್ಡಾಡಾಕತ್ತಾವ.' ಊರ ಮಂದಿಯೆಲ್ಲ ಕೇಳ್ತು. ಮರುದಿನ ಓಣಿ ಓಣಿಯವರು ನಮ್ಮ ಮೇಕಿ ನೋಡಾಕ ಬಂದ್ರು."

"ಅದರ ಮುಂದ ಏನಂದ, ಆಯಿ? ಅವನ ಮನಿಗಿ?"

"ಮುಂದಿಂದು ನಮ್ಮ ಮನೀದಲ್ಲಲ್ಲ. ನಾ ಎದ್ದು ಮರಿ ಕಟ್ಟಾಕ ಹೋದೆ."

ಎರಡು ದಿನ ತಿರುಗಿದರೂ ಇದೇ ಹಾಡಾಯಿತು. ಯಾದಗಿರಿಯಲ್ಲಿ ಮಗನ ಮನೆಯಲ್ಲಿದ್ದ ನಿವೃತ್ತ ಗುಮಾಸ್ತನಿಗೆ ತನ್ನ ಹೆಂಡತಿಯ ಔಷಧದ ಮಾತು ನೆನಪಿತ್ತು. ಮತ್ತೊಬ್ಬಳಿಗೆ ತನ್ನ ತಮ್ಮನ ಪರೀಕ್ಷೆಯ ಮಾತು. ಒಬ್ಬೊಬ್ಬರೂ ತಮ್ಮ ಮನೆಯದನ್ನು ಬಂಗಾರದಂತೆ ಕಾದಿಟ್ಟುಕೊಂಡಿದ್ದರು, ಪಕ್ಕದ ಮನೆಯದು ಯಾರಿಗೂ ಬೇಡವಾಗಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋಗಿ ಸುಮಂಗಲಾ ತನ್ನ ಮೇಲೇ ನಕ್ಕಳು. ತಾನು ತಿರುಗುತ್ತಿದ್ದುದೂ ತನ್ನ ಮನೆಯ ಮಾತಿಗೇ ಅಲ್ಲವೇ.

ಶುಕ್ರವಾರ ಮೌನೇಶನ ಫೋನು ಬಂತು. "ಅಕ್ಕಾರ, ಸುರಪುರದಾಗ ಅಬ್ದುಲ್ ಕರೀಮ ಚಾಚಾ ಅಂತ ಅದಾರ. ರೇಡಿಯೋ ರಿಪೇರಿ ಮಾಡ್ತಿದ್ರು. ರೇಡಿಯೋದಾಗ ಬಂದದ್ದೆಲ್ಲ ಕ್ಯಾಸೆಟ್ಟಿಗಿ ಹಿಡಿಯೂ ಖಯಾಲಿ ಇತ್ತಂತ ಅವರಿಗಿ. ಒಮ್ಮಿ ಹೋಗಿ ನೋಡ್ರಿ."

ಕರೀಮ ಚಾಚಾನ ಅಂಗಡಿ ಸುರಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿತ್ತು. ಮುಂದೆಲ್ಲ ಮೊಬೈಲ್ ಚಾರ್ಜರುಗಳು, ಮೊಮ್ಮಗಳ ಕಾರುಬಾರು. ಹಿಂದಿನ ಕೋಣೆ ಮಾತ್ರ ಚಾಚಾನದು. ಮರಿಲಿಂಗಪ್ಪನ ಮಗಳು ಎಂದ ಕೂಡಲೇ ಮುದುಕ ಎದ್ದು ನಿಂತ. ಎಪ್ಪತ್ತರ ಮೇಲಿನವನು ತನಗಾಗಿ ಎದ್ದು ನಿಂತದ್ದು ಸುಮಂಗಲಾಗೆ ಮುಜುಗರವಾಯಿತು.

"ಕೂಡು ಬೇಟಿ. ಇಷ್ಟ ವರ್ಷ ಎಲ್ಲಿ ಹೋಗಿದ್ದಿ ನೀ?"

ಟ್ರಂಕು ತೆಗೆದು, ಒಂದೊಂದೇ ಕ್ಯಾಸೆಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದು ಉರ್ದುವಿನ ಬರಹ ಓದುತ್ತ, ಮುಕ್ಕಾಲು ಗಂಟೆ ಹುಡುಕಿದ. ಸಿಕ್ಕಿದ್ದನ್ನು ಕುರ್ತಾದಿಂದ ಒರೆಸಿ, ತನ್ನ ಹಳೆಯ ಪ್ಲೇಯರಿಗೆ ಹಾಕುವ ಮುನ್ನ ಒಂದು ಗಳಿಗೆ ತಡೆದ. "ಪೂರಾ ಇಲ್ಲವಾ. ಮೊದಲ ಹೇಳ್ತೀನಿ, ಆಮ್ಯಾಲ ಬೇಜಾರ ಮಾಡ್ಕೊಬ್ಯಾಡ."

ಗರಗರ ಸದ್ದಾಯಿತು. ಆಮೇಲೆ ಅವನು ಬಂದ.

"ಹತ್ತಿಗೂಡೂರ ಕ್ರಾಸಿನಿಂದ ಮರಿಲಿಂಗಪ್ಪ. ಮೊದಲನೇ ಗಾಡಿ. ನಂಬರ ನಾಲ್ಕು, ಮತ್ತೊಮ್ಮೆ ಹೇಳ್ತೀನಿ, ನಾಲ್ಕು. ಬಣ್ಣ ಕೆಂಪು. ಹನ್ನೊಂದು ಗಂಟಿ ಆರು ನಿಮಿಷಕ್ಕ ಬಂತು. ಹೋತು. ಓವರ್."

ಗಂಟೆಯೂ ಅಲ್ಲ, ಮೂಗಿನದೂ ಅಲ್ಲ. ಓಡಿಬಂದವನ ಹಾಗೆ ಸ್ವಲ್ಪ ಏದುಸಿರು, ಮಾತಿನ ಅಂಚಿನಲ್ಲಿ ತಡೆದುಕೊಂಡ ನಗು. ಎಳೆಯ ಧ್ವನಿ. ತನಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಮಾತಾಡುತ್ತಿದ್ದಾನೆ, ಅವನು ತನ್ನ ಅಪ್ಪ. ಸುಮಂಗಲಾ ಪ್ಲೇಯರಿನ ಮೇಲೆ ಕೈ ಇಟ್ಟಳು, ಬಿಸಿಯಾಗಿತ್ತು. ಅಳು ಬರಲಿಲ್ಲ. ಇವನ ಹತ್ತಿರ ಒಂದು ಸಂಜೆ ಕೂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂಬ ಆಸೆ ಮಾತ್ರ ಎದೆಯಲ್ಲಿ ತುಂಬಿಕೊಂಡಿತು.

ಏಳು ಗಾಡಿಗಳನ್ನೂ ಅವನು ಹಾಗೆಯೇ ಹೇಳಿದ, ಒಂದಿಷ್ಟೂ ಬಣ್ಣ ಕಟ್ಟದೆ. ಬಂತು, ಹೋತು. ಆಮೇಲೆ ಒಂದು ಕೆಮ್ಮು. ಮನಿ ಮಾತು ಶುರುವಾಯಿತು. ಮಲ್ಕಪ್ಪನ ಕರಿ ಮೇಕೆ, ಗುಮಾಸ್ತನ ಹೆಂಡತಿಯ ಔಷಧ, ಪರೀಕ್ಷೆಯ ತಮ್ಮ, ಎಲ್ಲ ಸಾಲಾಗಿ ಬಂದವು.

"ಇನ್ನ ಕಡೀದು. ನನ್ನ ಮನಿಗಿ. ಕೊಡೇಕಲ್ಲಿನ್ಯಾಗ ದೇವಕ್ಕಗ ತಿಳಸ್ರಿ..."

ಪ್ಲೇಯರಿನ ಗುಂಡಿ ಟಪ್ಪೆಂದು ಮೇಲೆದ್ದಿತು.

"ಆವತ್ತ ಅಂಗಡಿ ಮುಂದ ಐವತ್ತು ಮಂದಿ ನಿಂತಿದ್ರು," ಎಂದ ಚಾಚಾ, ಅವಳ ಮುಖ ನೋಡದೆ. "ನಾನೂ ಅವರಂಗ ಬಾಯಿ ತಕ್ಕೊಂಡು ಕೇಳ್ಕೋತ ಕುಂತೆ. ಈ ಕಡಿ ಮುಗೀತದ, ಹೊಳ್ಳಿ ಹಾಕಬೇಕು ಅನ್ನೂದು ಖಬರ ಇರಲಿಲ್ಲ. ಹೊಳ್ಳಿ ಹಾಕೂದ್ರಾಗ ಆ ಮಾತು ಹೋಗಿತ್ತು. ಗಡಬಿಡ್ಯಾಗ ಗುಂಡಿ ಸರಿ ಒತ್ತಲಿಲ್ಲ, ಆ ಕಡಿ ಏನೂ ಹಿಡೀಲಿಲ್ಲ."

"ಕಿವಿಗಾದ್ರೂ ಬಿದ್ದಿರಬೇಕಲ್ಲ ಚಾಚಾ? ಏನಂದ?"

"ನಿನಗ ಸುಳ್ಳ ಹೇಳಂಗಿಲ್ಲ ಬೇಟಿ. ನಾ ಕ್ಯಾಸೆಟ್ಟಿನ ಧ್ಯಾನದಾಗಿದ್ದೆ. ಅವತ್ತಿಂದ ಇವತ್ತಿನ ತನಕ ಅದೊಂದಕ್ಕ ನನಗ ನಾ ಬೈಕೊಂತ ಬಂದೀನಿ." ಕ್ಯಾಸೆಟ್ಟನ್ನೂ ಪ್ಲೇಯರನ್ನೂ ಒಂದು ಚೀಲಕ್ಕೆ ಹಾಕಿ ಅವಳ ಕೈಗಿತ್ತ. "ಇದು ನಿಮ್ಮ ಮನೀದು. ಒಯ್ಯಿ."

ಶಹಾಪುರದ ಬಸ್ಸು ಹತ್ತಿಗೂಡೂರ ಕ್ರಾಸಿನಲ್ಲಿ ನಿಂತಾಗ ಅವಳು ಕಿಟಕಿಯಿಂದ ನೋಡಿದಳು. ಮಿರ್ಚಿ ಭಜಿ ಕರಿಯುವ ಗಾಡಿ, ಶೇರ್ ಆಟೊಗಳು, ಹತ್ತಿ ಹೇರಿದ ಲಾರಿ. ಜೀಪು ಎಲ್ಲಿ ನಿಂತಿತ್ತೋ ಯಾರಿಗೆ ಗೊತ್ತು. ಈ ಕ್ಯಾಸೆಟ್ಟನ್ನು ಅವ್ವನಿಗೆ ಕೇಳಿಸುವುದೋ ಬೇಡವೋ ಎಂದು ಅವಳಿಗೆ ದಿಗಿಲಾಯಿತು. ಗಂಡನ ಧ್ವನಿಯನ್ನು ಮೂವತ್ತೇಳು ವರ್ಷದ ಮೇಲೆ ತಂದುಕೊಟ್ಟು, ಅವಳ ಹೆಸರು ಬಂದ ಕಡೆಗೇ ಕಿತ್ತುಕೊಳ್ಳುವುದು ಯಾವ ನ್ಯಾಯ? ಕೊನೆಗೆ, ಮುಚ್ಚಿಡುವ ಹಕ್ಕೂ ತನ್ನದಲ್ಲ ಅನ್ನಿಸಿತು.

ಮನೆಗೆ ಬಂದಾಗ ಮಧ್ಯಾಹ್ನದ ಎರಡು ಗಂಟೆ. ದೇವಕಮ್ಮ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮಗಳು ಏನನ್ನೂ ವಿವರಿಸಲಿಲ್ಲ. ಪ್ಲೇಯರನ್ನು ಹಿಟ್ಟಿನ ಡಬ್ಬದ ಪಕ್ಕ ಇಟ್ಟು ಗುಂಡಿ ಒತ್ತಿದಳು.

"ಹತ್ತಿಗೂಡೂರ ಕ್ರಾಸಿನಿಂದ ಮರಿಲಿಂಗಪ್ಪ" ಎಂದದ್ದೇ ತಡ, ರೊಟ್ಟಿ ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿ ಹೊಗೆ ಬಂತು. ಸುಮಂಗಲಾ ಎದ್ದು ಒಲೆ ಆರಿಸಿದಳು. ದೇವಕಮ್ಮ ತಿರುಗಿ ನೋಡಲಿಲ್ಲ, ಹಿಟ್ಟಿನ ಕೈಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತಳು. ಏಳು ಗಾಡಿ ಹೋದವು. ಮೇಕೆ, ಔಷಧ, ತಮ್ಮ ಎಲ್ಲ ಆಯಿತು.

"ಇನ್ನ ಕಡೀದು. ನನ್ನ ಮನಿಗಿ. ಕೊಡೇಕಲ್ಲಿನ್ಯಾಗ ದೇವಕ್ಕಗ ತಿಳಸ್ರಿ..."

ಟಪ್.

"ಇಷ್ಟ ಸಿಕ್ಕದವ್ವಾ," ಎಂದಳು ಸುಮಂಗಲಾ. "ಮುಂದಿಂದು ಯಾರ ಹತ್ರಾನೂ ಇಲ್ಲ."

ದೇವಕಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ, ಎಲ್ಲೂ ತಡವರಿಸದೆ ಹೇಳತೊಡಗಿದಳು.

"'ನಾ ಆರಾಮ ಅದೀನಿ ಅಂತ ತಿಳಸ್ರಿ. ಮುಂಜಾನಿಂದ ಏಳು ಗಾಡಿ ನೋಡಿದೆ. ಒಂದಕ್ಕಿಂತ ಒಂದು ಜೋರ ಓಡ್ತಾವ, ಒಂದೂ ಕೊಡೇಕಲ್ಲಿಗಿ ಹೋಗೂದಿಲ್ಲ. ಹೋಗೂದಿದ್ರ ಕೈ ಮಾಡಿ ಹತ್ತತಿದ್ದೆ.'"

ಸುಮಂಗಲಾ ಅವ್ವನ ಕಡೆಗೆ ಬಗ್ಗಿದಳು.

"ಅವ್ವಾ. ನೀ ಕೇಳಿದ್ದಿ?"

"ಕೇಳಿದ್ದೆ."

"ಮತ್ತ ನನಗ ಇಲ್ಲ ಅಂತ ಯಾಕ ಹೇಳಿದಿ ಇಷ್ಟ ವರ್ಷ?"

"ನಿನಗೆಲ್ಲಿ, ಮೊದಲ ಅವನಿಗೇ ಹಂಗ ಹೇಳಿದ್ದೆ." ದೇವಕಮ್ಮ ಕೈಗೆ ಅಂಟಿದ ಹಿಟ್ಟನ್ನು ಬೆರಳಿನಿಂದ ಬೆರಳಿಗೆ ಉಜ್ಜತೊಡಗಿದಳು. "ಮುಂದಿನ ಐತವಾರ ನನ್ನ ನೋಡಾಕ ಬಂದ. ಕೇಳಿದೇನು ಅಂದ. ಮಂದಿಗೆಲ್ಲ ಹೇಳಿದ್ದನ್ನ ನನ್ನ ಮುಂದ ಕುಂತು ಒಮ್ಮಿ ಹೇಳ್ಲಿ ಅಂತ ಆಸೆ ಆತು ನನಗ. ಇಲ್ಲಲ್ಲ, ಏನ್ ಹೇಳಿದ್ದಿ ಅಂದೆ. ಅವನಿಗಿ ನಾಚಿಕಿ. ಕೂಸು ಹುಟ್ಲಿ, ಆವಾಗ ಹೇಳ್ತೀನಿ ಅಂದ, ಹೋದ. ಆಮ್ಯಾಲ ಬಂದದ್ದು ಅವನಲ್ಲ, ಸುದ್ದಿ."

ಹೊರಗೆ ಯಾರದೋ ಬೈಕು ಹೋಯಿತು. ದೇವಕಮ್ಮ ಹೊತ್ತಿದ ರೊಟ್ಟಿಯನ್ನು ಹಂಚಿನಿಂದ ತೆಗೆದು ಪಕ್ಕಕ್ಕಿಟ್ಟಳು.

"ಅವನ ಮುಂದ ಆಡಿದ ಕಡೀ ಮಾತು ಸುಳ್ಳಾತು ನನ್ನದು. ಆ ಸುಳ್ಳು ಬಿಟ್ಟುಕೊಡಾಕ ಮನಸ ಬರಲಿಲ್ಲ. ಕೇಳೀನಿ ಅಂತ ಯಾರಿಗರ ಅಂದ್ರ, ಇನ್ನ ಅವ ಬಂದು ಹೇಳೂದಿಲ್ಲ ಅಂತ ಒಪ್ಪಿಕೊಂಡಂಗ ಆಗ್ತದ ಅನಸ್ತಿತ್ತು."

ಸುಮಂಗಲಾ ಅವ್ವನ ಪಕ್ಕಕ್ಕೆ ಸರಿದು ಕೂತಳು. ಕೇಳಬೇಕಾದ್ದು ಇನ್ನೂ ಒಂದಿತ್ತು, ಅದನ್ನು ಕೇಳಲು ಹೆದರಿಕೆಯಾಯಿತು. ಶಿವರಾಜನ ಮಾತು ನಿಜವಿದ್ದರೆ ಇರಲಿ, ಇಷ್ಟು ದೂರ ಬಂದಾಗಿದೆ.

"ನನ್ನ ಬಗ್ಗಿ ಏನಂದಿದ್ದ ಅವ್ವಾ? ಗಂಡು ಹಡಿ ಅಂದನೇನು?"

"ಅವನ್ಯಾಕ ಹಂಗ ಅಂತಾನ." ದೇವಕಮ್ಮ ಈಗ ಮಗಳ ಕಡೆ ತಿರುಗಿದಳು. "'ಗಂಡಿರಲಿ, ಹೆಣ್ಣಿರಲಿ, ಹೊಟ್ಟ್ಯಾಗಿನ ಕೂಸಿಗಿ ಸ್ವಲ್ಪ ರೇಡಿಯೋ ಕೇಳಸು. ನಿಮ್ಮಪ್ಪ ಮಾತಾಡಾಕತ್ತಾನ ಅಂತ ಹೇಳು.' ಅಷ್ಟ ಅಂದ. ಅಷ್ಟರಾಗ ಎಂಟನೇ ಗಾಡಿ ಬಂತು, ಅದನ್ನ ಹೇಳಾಕ ಶುರು ಮಾಡಿದ."

"ನಿಮ್ಮವ್ವನ ಮನ್ಯಾಗ ರೇಡಿಯೋ ಇರಲಿಲ್ಲಂದಿ."

"ಇರಲಿಲ್ಲ. ಗೌಡರ ಮನೀ ಕಿಡಕ್ಯಾಗ ಇಟ್ಟಿದ್ರು. ಮಂದಿಯೆಲ್ಲ ಕಟ್ಟಿ ಮ್ಯಾಲ ಕುಂತಿದ್ರು, ನಾವು ನಮ್ಮ ಓಣಿಯವರು ಕೆಳಗ, ದೂರ, ಬೇವಿನ ಗಿಡದ ಹತ್ರ ನಿಂತಿದ್ವಿ. ಆ ಕಟ್ಟಿ ನಮ್ಮವರು ಯಾರೂ ಹತ್ತಿದ್ದಿಲ್ಲ. ಅವ ಹಂಗ ಅಂದ ಮ್ಯಾಲ ನನಗ ಕಟ್ಟಿ ಕಾಣಲಿಲ್ಲ, ಮಂದಿ ಕಾಣಲಿಲ್ಲ. ಹತ್ತಿದೆ. ಯಾರೋ ಏನೋ ಅಂದ್ರು. ಕಿಡಕಿಗಿ ಹೊಟ್ಟಿ ಹಚ್ಚಿ, ರೇಡಿಯೋಕ್ಕ ತಾಗಿಸಿ ನಿಂತೆ."

ಅವಳು ಹಿಟ್ಟಿನ ಕೈಯನ್ನು ಮಗಳ ತಲೆಯ ಮೇಲೆ ಇಟ್ಟಳು.

"ಎಂಟು, ಒಂಬತ್ತು, ಹತ್ತು, ಹನ್ನೊಂದು. ನಾಕೂ ಗಾಡಿ ನೀ ಕೇಳೀದಿ."